ಹೇಸಿಗೆ ಆಯ್ತು ಅಂತ ಬರ್ದು ಅಲ್ಲಿಗೇ ನಿಲ್ಲಿಸ್ಬೇಡ

ಪ್ರೀತಿಯ ತಮ್ಮಾ,

1986ರ ಹಾರರ್ ಸಿನಿಮಾ 'ದಿ ಫ್ಲೈ' ಬಗ್ಗೆ ನೀನು ಕಳ್ಸಿದ ರಿವ್ಯೂ ಓದ್ದೆ. ಸಿನಿಮಾ ನಿನಗೆ ತುಂಬಾ ಹಿಡಿಸಿದೆ ಅನ್ನೋದು ಪ್ರತಿ ಸಾಲಲ್ಲೂ ಗೊತ್ತಾಗುತ್ತೆ, ಆದ್ರೆ ಯಾಕೆ ಹಿಡಿಸ್ತು ಅನ್ನೋದು ಎಲ್ಲೂ ಗೊತ್ತಾಗಲ್ಲ. ಮೈ ಜುಮ್ ಅಂತು, ಹೊಟ್ಟೆ ತೊಳಸ್ತು, ಊಟ ಮಾಡ್ತಾ ನೋಡ್ಬೇಡಿ, ವೀಕ್ ಹಾರ್ಟ್ ಇರೋರು ದೂರ ಇರಿ... ಪುಟದ ಅರ್ಧ ಇದೇ ಇದೆ. ಇದು ನಿನ್ನ ಹೊಟ್ಟೆಗೆ ಏನಾಯ್ತು ಅನ್ನೋ ವರದಿ ಕಣೋ. ಆ ವಿಜ್ಞಾನಿ ಸೆತ್ ಬ್ರಂಡಲ್ ಅನ್ನೋ ಮನುಷ್ಯನಿಗೆ ಏನಾಯ್ತು ಅಂತ ಓದುಗನಿಗೆ ಗೊತ್ತಾಗ್ಬೇಕಲ್ವಾ ಮೊದ್ಲು? ಹಾರರ್ ಬಗ್ಗೆ ಬರೆಯೋ ಹುಡುಗ್ರು ಕನ್ನಡದಲ್ಲಿ ಕಮ್ಮಿ, ಅದ್ರಲ್ಲೂ ಮನೇಲಿ ಡಿಸ್ಕ್ ಹಾಕಿ ಕೂತು ನೋಡಿ ಬರೆಯೋರು ಇನ್ನೂ ಕಮ್ಮಿ, ಅದಕ್ಕೇ ನಿನ್ನ ಬರಹ ಚೆನ್ನಾಗಾಗ್ಲಿ ಅಂತ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡ.

ಮೊದಲ್ನೇದಾಗಿ ಆ ಮೈಗೆ ಏನೇನಾಗುತ್ತೆ ಅನ್ನೋದನ್ನ ಆಗೋ ಕ್ರಮದಲ್ಲೇ ನೋಡು. 'ಭಯಂಕರವಾಗಿ ಬದಲಾಗ್ತಾನೆ' ಅಂತ ಒಂದೇ ಸಾಲಲ್ಲಿ ಮುಗಿಸಿದೀಯ. ಆದ್ರೆ ಈ ಸಿನಿಮಾದಲ್ಲಿ ಬದಲಾವಣೆ ಶುರುವಾಗೋದು ಭಯಂಕರವಾಗಿ ಅಲ್ಲ, ಸುಖವಾಗಿ. ಟೆಲಿಪಾಡ್, ಅಂದ್ರೆ ಒಂದು ಕಡೆ ಮಾಯ ಮಾಡಿ ಇನ್ನೊಂದು ಕಡೆ ಮೂಡಿಸೋ ಅವನದೇ ಯಂತ್ರ, ಅದ್ರ ಒಳಗೆ ಹೋಗಿ ಆ ಕಡೆಯಿಂದ ಆಚೆ ಬಂದ ಮೇಲೆ ಅವನಿಗೆ ಎಲ್ಲಿಲ್ಲದ ಶಕ್ತಿ ಬರುತ್ತೆ, ಜಿಮ್ನಾಸ್ಟ್ ಥರ ಲಾಗ ಹಾಕ್ತಾನೆ, ನಿದ್ದೆ ಬೇಡ, ಕಾಫಿಗೆ ಚಮಚದ ಮೇಲೆ ಚಮಚ ಸಕ್ಕರೆ ಸುರ್ಕೊಳ್ತಾನೆ, ಮಾತು ನಿಲ್ಲಲ್ಲ. ಯಂತ್ರ ತನ್ನನ್ನ ಶುದ್ಧ ಮಾಡ್ತು ಅಂತ ನಂಬ್ಕೊಂಡಿದಾನೆ ಪಾಪ. ಆಮೇಲೆ ಬೆನ್ನ ಮೇಲೆ ಒಂದೆರಡು ಒರಟು ಕೂದಲು. ಅವನ ಪ್ರೇಯಸಿ ವೆರೋನಿಕಾ ಅದನ್ನ ಕತ್ತರಿಸಿ ಟೆಸ್ಟ್ ಮಾಡಿಸಿದ್ರೆ ಅದು ಹುಳುವಿನ ಕೂದಲು. ಬಾರಲ್ಲಿ ಪಂಜಾ ಕುಸ್ತಿ ಆಡೋಕೆ ಹೋಗಿ ಎದುರಾಳಿ ಕೈಮೂಳೆ ಮುರಿದು ಚರ್ಮ ಹರ್ಕೊಂಡು ಆಚೆ ಬರೋ ಹಾಗೆ ಮಾಡ್ತಾನೆ. ಆಮೇಲೆ ಬಾತ್‌ರೂಮ್ ಕನ್ನಡಿ ಮುಂದೆ ನಿಂತಾಗ ಬೆರಳ ಉಗುರು ಹಾಗೇ ಕಿತ್ತು ಬರುತ್ತೆ.

ಆ ಉಗುರಿನ ಸೀನ್ ಹತ್ರ ಸ್ವಲ್ಪ ನಿಲ್ಲು. ಅಲ್ಲಿ ದೊಡ್ಡ ರಕ್ತಪಾತ ಏನೂ ಇಲ್ಲ. ಒಬ್ಬ ಗಂಡಸು ಮುಖ ನೋಡ್ಕೊಳ್ತಿದಾನೆ, ಉಗುರು ಬರುತ್ತೆ, ಬೆರಳ ತುದಿ ಹಿಚುಕ್ತಾನೆ, ಒಳಗಿಂದ ಏನೋ ದ್ರವ ಚಿಮ್ಮಿ ಕನ್ನಡಿಗೆ ಬೀಳುತ್ತೆ. ಅವನ ಕಣ್ಣಲ್ಲಿ ಆಗ ನೋವಿಗಿಂತ ಜಾಸ್ತಿ ಇರೋದು ಲೆಕ್ಕಾಚಾರ, ಯಾಕಂದ್ರೆ ಅವನು ವಿಜ್ಞಾನಿ, ಏನೋ ತಪ್ಪಾಗಿದೆ ಅಂತ ಅವನ ತಲೆ ಓಡ್ತಾ ಇದೆ. ಸೀದಾ ಕಂಪ್ಯೂಟರ್ ಹತ್ರ ಹೋಗ್ತಾನೆ, ಅವತ್ತು ಪಾಡ್ ಒಳಗೆ ಯಾರ್ಯಾರಿದ್ರು ಅಂತ ಕೇಳ್ತಾನೆ, ಮಾನಿಟರ್ ಮೇಲೆ ಉತ್ತರ ಬರುತ್ತೆ: ಬ್ರಂಡಲ್ ಜೊತೆಗೆ ಇನ್ನೊಂದು ಜೀವ ಇತ್ತು, ಒಂದು ನೊಣ. ಎರಡು ಜೀವ ಒಂದೇ ಪಾಡಲ್ಲಿ ಬಂದಾಗ ಏನು ಮಾಡ್ಬೇಕು ಅಂತ ಗೊತ್ತಾಗದೆ ಯಂತ್ರ ಎರಡನ್ನೂ ಸೇರಿಸಿ ಒಂದು ಮಾಡಿಬಿಟ್ಟಿದೆ. ಮನುಷ್ಯ ತನ್ನ ಕಾಯಿಲೆಯ ರಿಪೋರ್ಟ್ ತಾನೇ ಓದೋ ಸೀನ್ ಅದು. ನಿನ್ನ ರಿವ್ಯೂನಲ್ಲಿ ಇದರ ಸುದ್ದಿನೇ ಇಲ್ಲ, ಬರೀ ಕೊನೆಯ ರಾಕ್ಷಸ ರೂಪದ್ದೇ ವರ್ಣನೆ.

ಇದೇ ಕಥೆ ಹಳೇದು ಅಂತ ನಿನಗೆ ಗೊತ್ತು. ಜಾರ್ಜ್ ಲಾಂಗೆಲಾನ್ ಅನ್ನೋರ ಸಣ್ಣ ಕಥೆ 1957ರಲ್ಲಿ ಬಂತು, ಮಾರನೇ ವರ್ಷವೇ ಕರ್ಟ್ ನ್ಯೂಮನ್ ಅದನ್ನ ಸಿನಿಮಾ ಮಾಡಿದ್ರು, ನಟ ವಿನ್ಸೆಂಟ್ ಪ್ರೈಸ್ ಇದ್ದದ್ದು. ಅದ್ರಲ್ಲಿ ವಿಜ್ಞಾನಿಗೆ ನೊಣದ ತಲೆ ಮತ್ತು ಕೈ ಒಂದೇ ಏಟಿಗೆ ಬಂದುಬಿಡುತ್ತೆ, ಬಟ್ಟೆ ಮುಚ್ಕೊಂಡು ಓಡಾಡ್ತಾನೆ, ಬಟ್ಟೆ ಎಳೆದಾಗ ನಾವು ಕಿರುಚ್ಬೇಕು, ಅಷ್ಟೇ. ಅದೊಂದು ಶಾಕ್. 1986ರಲ್ಲಿ ಚಾರ್ಲ್ಸ್ ಎಡ್ವರ್ಡ್ ಪೋಗ್ ಬರೆದು, ಕೆನಡಾದ ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್ ತಿದ್ದಿ ಬರೆದ ಚಿತ್ರಕಥೆಯಲ್ಲಿ ಅದೇ ಅಪಘಾತ ವಾರಗಟ್ಟಲೆ ಹರಡ್ಕೊಳ್ಳುತ್ತೆ. ತಲೆ ಒಂದೇ ಏಟಿಗೆ ಬದಲಾಗಲ್ಲ, ತಲೆ ಒಳಗಿರೋ ಮನುಷ್ಯ ಎಲ್ಲಾ ನೋಡ್ತಾ ಇರ್ತಾನೆ. ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಇರೋದು ಇಲ್ಲೇ, ಆ ನಿಧಾನದಲ್ಲಿ.

ಮೇಕಪ್ ಬಗ್ಗೆ 'ಆಸ್ಕರ್ ಬಂತು' ಅಂತ ಬರ್ದು ಬಿಟ್ಟಿದೀಯ. ಬಂದಿದ್ದು ನಿಜ, ಕ್ರಿಸ್ ವಾಲಸ್ ಮತ್ತು ಸ್ಟೀಫನ್ ಡುಪುಯಿ ಇಬ್ಬರಿಗೆ. ಆದ್ರೆ ಅವ್ರು ಕೆಲಸ ಮಾಡಿದ ರೀತಿ ಆಸ್ಕರ್‌ಗಿಂತ ಸ್ವಾರಸ್ಯ. ಕೊನೆಯಲ್ಲಿ ಬರೋ ಪ್ರಾಣಿಯನ್ನ ಮೊದ್ಲು ಡಿಸೈನ್ ಮಾಡ್ಕೊಂಡು, ಅಲ್ಲಿಂದ ಹಿಂದಕ್ಕೆ ಬಂದು, ಮನುಷ್ಯ ಅಲ್ಲಿಗೆ ತಲುಪೋಕೆ ಯಾವ್ಯಾವ ಹಂತ ದಾಟ್ಬೇಕು ಅಂತ ಲೆಕ್ಕ ಹಾಕಿದ್ರು. ಅದಕ್ಕೇ ಮುಖದ ಮೇಲೆ ಮೊದ್ಲು ಬರೋ ಕಲೆಗಳು ಮೊಡವೆ ಥರ, ಅಲರ್ಜಿ ಥರ ಇರ್ತವೆ, ನೋಡಿದ ತಕ್ಷಣ 'ನೊಣ' ಅನ್ಸಲ್ಲ, 'ಹುಷಾರಿಲ್ಲ' ಅನ್ಸುತ್ತೆ. ಇನ್ನೊಂದು ವಿಷ್ಯ, ಅಷ್ಟು ದಪ್ಪ ರಬ್ಬರ್ ಒಳಗಿದ್ಕೊಂಡೂ ಬ್ರಂಡಲ್ ಪಾತ್ರದ ಜೆಫ್ ಗೋಲ್ಡ್‌ಬ್ಲಮ್, ಕೊನೆಯ ಪ್ರಾಣಿ ರೂಪ ಬರೋವರೆಗೂ ತನ್ನ ಕಣ್ಣು ಮತ್ತು ದನಿ ಬಿಟ್ಟಿಲ್ಲ. ಅವನ ಆ ತಡವರಿಸೋ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡೋ ಮಾತಿನ ಧಾಟಿ ಮೊದಲ್ನೇ ಸೀನಲ್ಲಿ ಹುಡುಗಿ ಮುಂದೆ ನಾಚಿಕೆಯಿಂದ ಬರೋದು, ಕೊನೆಗೆ ಬಾಯಿ ಆಕಾರ ಕೆಟ್ಟಿರೋದ್ರಿಂದ ಬರೋದು, ಆದ್ರೆ ಧಾಟಿ ಅದೇ. ಅದನ್ನ ಕಿವಿಗೊಟ್ಟು ಕೇಳಿ ಬರೆದ್ರೆ ಸಾಕು, ನಟನೆ ಬಗ್ಗೆ ಬೇರೆ ಪ್ಯಾರಾನೇ ಬೇಡ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂದ್ಕೊಂಡಿರೋದು. ಸಿನಿಮಾ ಒಳಗೇ ಒಂದು ವಿಡಿಯೋ ಟೇಪ್ ಇದೆ, ನೆನಪಿದೆಯಾ? ಬ್ರಂಡಲ್‌ಗೆ ಗಟ್ಟಿ ಆಹಾರ ಅಗಿದ್ರೂ ಜೀರ್ಣ ಆಗಲ್ಲ, ನೊಣ ತಿನ್ನೋ ಹಾಗೆ ಆಹಾರದ ಮೇಲೆ ಕಕ್ಕಿ ಕರಗಿಸಿ ಹೀರ್ಕೋಬೇಕು, ನಿಜವಾದ ನೊಣಗಳೂ ಗಟ್ಟಿ ಪದಾರ್ಥದ ಮೇಲೆ ಜೊಲ್ಲು ಮತ್ತು ಕಕ್ಕಿದ ರಸ ಬಿಟ್ಟು ಹಾಗೇ ತಿನ್ನೋದು. ಅದನ್ನ ಕ್ಯಾಮೆರಾ ಮುಂದೆ ಮಕ್ಕಳ ಕಾರ್ಯಕ್ರಮದ ಮೇಷ್ಟ್ರ ಥರ ಉತ್ಸಾಹದಿಂದ ತೋರಿಸ್ತಾನೆ. ಆ ಟೇಪನ್ನ ವೆರೋನಿಕಾಳ ಎಡಿಟರ್, ಅವಳ ಹಳೇ ಪ್ರೇಮಿ ಸ್ಟಾತಿಸ್ ಟೀವಿಲಿ ನೋಡ್ತಾನೆ, ಮುಖ ಕಿವುಚ್ತಾನೆ. ಟೇಪಲ್ಲಿರೋದು ಅವನಿಗೆ ಒಂದು ಹೇಸಿಗೆ ವಸ್ತು, ಅಷ್ಟೇ. ವೆರೋನಿಕಾಗೆ ಹಾಗಲ್ಲ. ಅವಳು ಪತ್ರಕರ್ತೆ, ಅವಳು ಬಂದಿದ್ದೇ ಅವನ ಬಗ್ಗೆ ಬರೆಯೋಕೆ, ಕ್ಯಾಮೆರಾ ಹಿಡ್ಕೊಂಡು ಅದೇ ರೂಮಲ್ಲಿ ನಿಂತಿದ್ದೋಳು. ಅವಳಿಗೂ ಹೇಸಿಗೆ ಆಗುತ್ತೆ, ಅಸಹ್ಯ ಆಗಲ್ಲ ಅಂತ ನಟಿಸೋದೇ ಇಲ್ಲ ಅವಳು. ಆದ್ರೆ ಅವನ ಕಿವಿ ಕಳಚಿ ಬಿದ್ದು ಅವನು ಹೆದರಿ ನಿಂತಾಗ ಹತ್ರ ಹೋಗಿ ತಬ್ಕೊಳ್ತಾಳೆ. ವೆರೋನಿಕಾ ಪಾತ್ರದ ಜೀನಾ ಡೇವಿಸ್ ಆ ಅಪ್ಪುಗೆಯಲ್ಲಿ ಮುಖದ ಮೇಲೆ ಏನೇನು ತರ್ತಾರೆ ಅಂತ ಇನ್ನೊಂದ್ಸಲ ನೋಡು, ಓಕರಿಕೆ, ದುಃಖ, ಪ್ರೀತಿ, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಬಿಡಿಸಿ ಹೇಳೋಕಾಗಲ್ಲ.

ಮನೇಲಿ ಸೋಫಾ ಮೇಲೆ ಕೂತು ಟೀವಿಲಿ ಈ ಸಿನಿಮಾ ನೋಡೋ ನಾವೆಲ್ಲ ಸ್ಟಾತಿಸ್ ಜಾಗದಲ್ಲೇ ಇರ್ತೀವಿ. ಸುರಕ್ಷಿತ ದೂರ, ಕೈಯಲ್ಲಿ ರಿಮೋಟ್. ನೀನು ಬರೆದಿರೋ ರಿವ್ಯೂ ಕೂಡ ಆ ಜಾಗದಿಂದಲೇ ಬಂದಿದೆ. ಅಲ್ಲಿಂದ ಎದ್ದು ವೆರೋನಿಕಾ ಪಕ್ಕ ಹೋಗಿ ನಿಂತು ಬರಿ ಅಂತ ನಾನು ಕೇಳ್ತಿರೋದು. ಹೇಸಿಗೆಯನ್ನ ಮುಚ್ಚಿಡ್ಬೇಡ, ಉಗುರು, ಹಲ್ಲು, ಕಿವಿ ಎಲ್ಲಾ ಹೆಸರಿಟ್ಟೇ ಹೇಳು, ಆದ್ರೆ ಅದು ಯಾರ ಉಗುರು ಅನ್ನೋದನ್ನ ಒಂದು ಕ್ಷಣಾನೂ ಮರೀಬೇಡ. ಅವನು ಉದುರಿದ ತನ್ನ ಅಂಗಗಳನ್ನ ಬಾತ್‌ರೂಮಿನ ಔಷಧಿ ಕಪಾಟಲ್ಲಿ ಜೋಡಿಸಿಟ್ಕೊಂಡು ಅದಕ್ಕೆ ತನ್ನದೇ ಹೆಸರಿನ ಮ್ಯೂಸಿಯಂ ಅಂತ ಕರೀತಾನಲ್ಲ, ಅದನ್ನ ನೀನು 'ಕ್ರೇಜಿ ಸೀನ್' ಅಂದಿದೀಯ. ನನಗೆ ಅದು ಇಡೀ ಸಿನಿಮಾದಲ್ಲೇ ಅತಿ ದುಃಖದ ಸೀನ್. ಇನ್ನು ಬೇಕಾಗಲ್ಲ ಅಂತ ಗೊತ್ತಿದ್ರೂ ಬಿಸಾಕೋಕೆ ಮನಸ್ಸು ಬರದೆ ಇಟ್ಕೊಂಡಿದಾನೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದೋರನ್ನ ಹತ್ರದಿಂದ ನೋಡ್ಕೊಂಡಿರೋ ಯಾರಿಗಾದ್ರೂ ಕೇಳು, ಕಾಯಿಲೆ ಬಗ್ಗೆ ರೋಗಿ ಮಾಡೋ ಆ ಜೋಕುಗಳು ಹೇಗಿರ್ತವೆ ಅಂತ ಅವ್ರಿಗೆ ಗೊತ್ತಿರುತ್ತೆ.

ಇದು ಏಡ್ಸ್ ಬಗ್ಗೆ ಮಾಡಿದ ಸಿನಿಮಾ ಅಂತ ನೀನು ಖಂಡಿತವಾಗಿ ಬರ್ದಿದೀಯ. 1986ರಲ್ಲಿ ಅಮೆರಿಕದ ಪ್ರೇಕ್ಷಕರು ತುಂಬಾ ಜನ ಹಾಗೇ ಓದ್ಕೊಂಡ್ರು, ಆ ಕಾಲದ ಭಯ ಹಾಗಿತ್ತು, ಅದನ್ನ ಹೇಳು, ತಪ್ಪೇನಿಲ್ಲ. ಆದ್ರೆ ಕ್ರೋನೆನ್‌ಬರ್ಗ್ ತಾನು ಯೋಚಿಸಿದ್ದು ಅದಕ್ಕಿಂತ ಅಗಲವಾಗಿ, ಕಾಯಿಲೆ, ಮುಪ್ಪು, ಸಾವು ಇವುಗಳ ಬಗ್ಗೆ ಅಂತ ಹೇಳ್ಕೊಂಡು ಬಂದಿದಾರೆ. ಇಬ್ಬರು ಪ್ರೀತಿಸ್ತಾರೆ, ಒಬ್ಬರಿಗೆ ಮೈ ಕೆಡುತ್ತೆ, ಇನ್ನೊಬ್ಬರು ನೋಡ್ತಾ ನಿಲ್ಬೇಕು. ನೊಣ ತೆಗೆದು ಪಕ್ಕಕ್ಕಿಟ್ರೆ ಉಳಿಯೋದು ಇಷ್ಟೇ, ಯಾವ ಮನೇಲಾದ್ರೂ ಆಗೋ ಕಥೆ. ಅದಕ್ಕೇ ಈ ಸಿನಿಮಾ ಹಳೇದಾಗಿಲ್ಲ.

ನಮ್ಮ ಕಥೆಗಳಲ್ಲಿ ಮೈ ಬದಲಾಗೋದು ಎಷ್ಟೊಂದು ಇದೆ ಅಂತಾನೂ ಒಂದು ಮಾತು ಬರೀಬಹುದಿತ್ತು ನೀನು. ನಹುಷ ಹೆಬ್ಬಾವಾಗ್ತಾನೆ, ಆದ್ರೂ ತಾನು ಯಾರು ಅನ್ನೋ ನೆನಪು ಇರುತ್ತೆ. ಯಯಾತಿಗೆ ಒಂದೇ ಶಾಪಕ್ಕೆ ಮುಪ್ಪು ಬರುತ್ತೆ, ಮಗ ಪುರು ಅದನ್ನ ತಾನು ತಗೋತಾನೆ. ಅಲ್ಲೆಲ್ಲ ಒಂದು ಶಾಪ ಇದೆ, ಶಾಪಕ್ಕೆ ಕಾರಣ ಇದೆ, ಬಿಡುಗಡೆಗೆ ಒಂದು ದಾರಿ ಇದೆ, ಇಲ್ಲಾ ಹಂಚ್ಕೊಳ್ಳೋಕೆ ಯಾರಾದ್ರೂ ಇದಾರೆ. ಬ್ರಂಡಲ್‌ಗೆ ಯಾರೂ ಶಾಪ ಕೊಟ್ಟಿಲ್ಲ. ವೆರೋನಿಕಾ ಹಳೇ ಪ್ರೇಮಿ ಹತ್ರ ಹೋದ್ಳು ಅಂತ ಹೊಟ್ಟೆಕಿಚ್ಚಲ್ಲಿ ಕುಡಿದಿದ್ದ, ಆ ರಾತ್ರಿ ಒಬ್ಬನೇ ಪಾಡ್ ಒಳಗೆ ಹೋದ, ಒಂದು ನೊಣ ಒಳಗೆ ಬಂತು. ಇಷ್ಟು ಸಣ್ಣ ಕಾರಣಕ್ಕೆ ಅಷ್ಟು ದೊಡ್ಡ ಶಿಕ್ಷೆ. ಕೊನೆಯಲ್ಲಿ ಅವನು ಹುಡುಕೋ ಬಿಡುಗಡೆ ಅಂದ್ರೆ ವೆರೋನಿಕಾ ಮತ್ತು ಅವಳ ಹೊಟ್ಟೇಲಿರೋ ಮಗುವನ್ನೂ ತನ್ನ ಜೊತೆ ಪಾಡಲ್ಲಿ ಬೆರೆಸ್ಕೊಂಡು ಒಂದಾಗೋದು, ಅಂದ್ರೆ ತನ್ನ ಮುಪ್ಪನ್ನ ಪುರುವಿನ ಮೇಲೆ ಹೇರೋ ಯಯಾತಿಯೇ, ಇಲ್ಲಿ ಕೇಳೋ ಸೌಜನ್ಯಾನೂ ಇಲ್ಲ. ಇದನ್ನ ಬರೆಯೋ ಹಕ್ಕು ಕನ್ನಡದಲ್ಲಿ ಬರೆಯೋ ನಿನಗೆ ಇದೆ, ಕೆನಡಾದ ವಿಮರ್ಶಕರಿಗೆ ಇದು ಹೊಳೆಯೋದು ಕಷ್ಟ. ಹಾಗಂತ ಪುರಾಣ ಎಳೆದು ತಂದು ಪುಟ ತುಂಬಿಸ್ಬೇಡ, ಒಂದು ಪ್ಯಾರಾ ಸಾಕು, ಸಿನಿಮಾಗೆ ವಾಪಸ್ ಬಾ.

ಡಿಸ್ಕ್ ಬಗ್ಗೆ ಈಗ. ಹೋಮ್ ವಿಡಿಯೋ ರಿವ್ಯೂ ಅಂದ್ಮೇಲೆ ಡಿಸ್ಕಲ್ಲಿ ಏನಿದೆ ಅಂತ ಹೇಳ್ಲೇಬೇಕು, ನೀನು 'ಎಕ್ಸ್ಟ್ರಾಸ್ ತುಂಬಾ ಇವೆ' ಅಂದ್ಬಿಟ್ಟಿದೀಯ. 2005ರಲ್ಲಿ ಎರಡು ಡಿಸ್ಕಿನ ಡಿವಿಡಿ ಬಂತು, 2007ರಲ್ಲಿ ಬ್ಲೂ-ರೇ. ಸಿನಿಮಾ ಓಡ್ತಿರುವಾಗ ಡೈರೆಕ್ಟರ್ ಮಾತಾಡೋ ಕಾಮೆಂಟರಿ ಇದೆ, ಎರಡು ಗಂಟೆಗೂ ಮೀರಿದ ಮೇಕಿಂಗ್ ಡಾಕ್ಯುಮೆಂಟರಿ ಇದೆ, 96 ನಿಮಿಷದ ಸಿನಿಮಾಗಿಂತ ಉದ್ದ ಅದು! ಕತ್ತರಿಸಿದ ಸೀನ್‌ಗಳೂ ಇವೆ. ಅದ್ರಲ್ಲಿ ಒಂದನ್ನ ನೀನು ನೋಡಿದೀಯ ಅಂತ ಗೊತ್ತು, ಯಾಕಂದ್ರೆ ಅದನ್ನ ಕತ್ತರಿಸಿದ್ದು ಅನ್ಯಾಯ ಅಂತ ಬರ್ದಿದೀಯ. ಬಬೂನ್ ಕೋತಿ ಮತ್ತು ಬೆಕ್ಕನ್ನ ಪಾಡಲ್ಲಿ ಬೆರೆಸೋ ಸೀನ್. ತನಗೆ ಮದ್ದು ಹುಡುಕೋ ಹುಚ್ಚಲ್ಲಿ ಬ್ರಂಡಲ್ ಎರಡು ಪ್ರಾಣಿ ಸೇರಿಸ್ತಾನೆ, ಹುಟ್ಟಿದ ಆ ನರಳೋ ಜೀವವನ್ನ ಬಡಿದು ಕೊಲ್ತಾನೆ, ಆಮೇಲೆ ತನ್ನ ಪಕ್ಕೆಯಿಂದ ಹೊರಬಂದ ಒಂದು ಕಾಲನ್ನ ಕಚ್ಚಿ ಕಿತ್ತು ಹಾಕ್ತಾನೆ. ಬಿಡುಗಡೆಗೆ ಮುಂಚೆ ಪ್ರಿವ್ಯೂ ನೋಡಿದ ಜನಕ್ಕೆ ಅವನ ಮೇಲಿದ್ದ ಕರುಣೆ ಅಲ್ಲೇ ಹೊರಟೋಯ್ತು. ಅದಕ್ಕೇ ತೆಗೆದ್ರು. ಮೇಕಪ್ ದೃಷ್ಟಿಯಿಂದ ಅದ್ಭುತ ಸೀನೇ, ಅದನ್ನ ಮಾಡಿದೋರಿಗೆ ಸಂಕಟ ಆಗಿರುತ್ತೆ. ಆದ್ರೆ ಹೇಸಿಗೆ ಹೆಚ್ಚಿದ್ದಕ್ಕೆ ತೆಗೀಲಿಲ್ಲ ನೋಡು, ಇದಕ್ಕಿಂತ ಹೇಸಿಗೆಯ ಸೀನ್‌ಗಳು ಸಿನಿಮಾದಲ್ಲಿ ಹಾಗೇ ಉಳಿದಿವೆ. ಜನ ಅವನನ್ನ ಬಿಟ್ಟು ಹೋಗ್ಬಾರ್ದು ಅಂತ ತೆಗೆದಿದ್ದು. ಆ ಒಂದು ಕತ್ತರಿಯಲ್ಲಿ ಸಿನಿಮಾ ತನಗೆ ಏನು ಮುಖ್ಯ ಅಂತ ತಾನೇ ಹೇಳ್ಕೊಂಡಿದೆ. ಎಕ್ಸ್ಟ್ರಾಸ್ ನೋಡೋದು ಇದಕ್ಕೋಸ್ಕರ, ಲಿಸ್ಟ್ ಕೊಡೋಕಲ್ಲ. ವೆರೋನಿಕಾ ಕನಸಲ್ಲಿ ಚಿಟ್ಟೆ ರೆಕ್ಕೆಯ ಮಗು ಬರೋ ಒಂದು ಎಂಡಿಂಗ್ ಕೂಡ ಶೂಟ್ ಮಾಡಿ ಕೈಬಿಟ್ರು, ಒಳ್ಳೇದೇ ಆಯ್ತು. ಸಿನಿಮಾ ಮುಗಿಸೋ ಆ ಗುಂಡಿನ ಶಬ್ದದ ಮೇಲೆ ಇನ್ನೇನೂ ಬೇಕಿರ್ಲಿಲ್ಲ.

ನೋಡೋ ಕ್ರಮ ಹೇಳ್ತೀನಿ, ನಾನು ಮಾಡೋದು ಹೀಗೆ. ಮೊದಲ್ನೇ ಸಲ ಪಾಸ್ ಬಟನ್ ಮುಟ್ಬೇಡ, ಫೋನ್ ಬೇರೆ ರೂಮಲ್ಲಿರ್ಲಿ, ಲೈಟ್ ಆರ್ಸು, ಒಂದೇ ಕೂರಿಕೆಯಲ್ಲಿ ಮುಗಿಸು. ಇದು ನಿಧಾನವಾಗಿ ಏರೋ ಸಿನಿಮಾ, ಮಧ್ಯೆ ಎದ್ದು ಹೋದ್ರೆ ಆ ಏರು ನಿನ್ನೊಳಗೆ ಕಟ್ಟಲ್ಲ. ಮಾರನೇ ದಿನ ನೋಟ್‌ಬುಕ್ ಇಟ್ಕೊಂಡು ನಿಲ್ಲಿಸಿ ನಿಲ್ಲಿಸಿ ನೋಡು. ಆಗ ಕಾಣ್ತವೆ ಸಣ್ಣ ಸಣ್ಣವು. ಮಾಂಸದ ತುಂಡಿನ ಸೀನನ್ನೇ ತಗೋ, ಪಾಡಿಂದ ಆಚೆ ಬಂದ ಮಾಂಸ ಬೇಯಿಸಿ ಕೊಟ್ರೆ ವೆರೋನಿಕಾ ಇದು ಏನೋ ಕೃತಕ ಅನ್ತಾಳೆ, ಯಂತ್ರಕ್ಕೆ ಮಾಂಸ ಅಂದ್ರೆ ಏನು ಅಂತ ಗೊತ್ತಿಲ್ಲ, ಅದಕ್ಕೆ ಕಲಿಸ್ಬೇಕು ಅಂತ ಬ್ರಂಡಲ್‌ಗೆ ಹೊಳೆಯುತ್ತೆ. ಮೈಯನ್ನ ಅರ್ಥ ಮಾಡ್ಕೊಳ್ಳದ ಮನುಷ್ಯನೇ ಮೈ ಬಗ್ಗೆ ಯಂತ್ರಕ್ಕೆ ಪಾಠ ಹೇಳ್ತಾನೆ. ಮುಂದೆ ಆಗೋದಕ್ಕೆಲ್ಲ ಬೀಜ ಅಲ್ಲೇ ಇದೆ, ಮೊದಲ್ನೇ ಸಲ ಅದು ಒಂದು ತಮಾಷೆ ಸೀನ್ ಥರ ಜಾರಿ ಹೋಗುತ್ತೆ. ಮೂರನೇ ಸಲ ಬೇಕಾದ್ರೆ ಕಾಮೆಂಟರಿ ಹಾಕ್ಕೋ, ಆದ್ರೆ ನಿನ್ನ ಮೊದಲ ಡ್ರಾಫ್ಟ್ ಆದ್ಮೇಲೆ. ಡೈರೆಕ್ಟರ್ ಮಾತು ಮೊದ್ಲೇ ಕೇಳಿದ್ರೆ ನಿನ್ನ ರಿವ್ಯೂನಲ್ಲಿ ಅವರ ದನಿಯೇ ಬಂದುಬಿಡುತ್ತೆ.

ಪಿಕ್ಚರ್ ಕ್ವಾಲಿಟಿ ಬಗ್ಗೆ ಗ್ರೇನ್, ಅಂದ್ರೆ ಪರದೆ ಮೇಲೆ ಪುಡಿ ಪುಡಿ ಚುಕ್ಕೆ, ಜಾಸ್ತಿ ಇದೆ ಅಂತ ಮಾರ್ಕ್ಸ್ ಕಟ್ ಮಾಡಿದೀಯ. ಫಿಲ್ಮಲ್ಲಿ ತೆಗೆದ ಸಿನಿಮಾಗೆ ಗ್ರೇನ್ ಇರುತ್ತೆ ಕಣೋ, ಅದು ಕೊಳೆ ಅಲ್ಲ. ಬ್ರಂಡಲ್ ಇರೋ ಆ ಹಳೇ ಗೋಡೌನ್ ಥರದ ಮನೆ ಬೇಕಂತಲೇ ಕತ್ತಲಾಗಿದೆ. ಕ್ಯಾಸೆಟ್ ಕಾಲದಲ್ಲಿ ಆ ಕತ್ತಲು ಬರೀ ಕಪ್ಪು ಮುದ್ದೆ ಆಗಿ ಕಾಣ್ತಿತ್ತು, ಈಗ ಮೂಲೆಯಲ್ಲಿ ಏನಿದೆ ಅಂತ ಕಾಣುತ್ತೆ. ಅದನ್ನ ಹೇಳು ಓದುಗನಿಗೆ, ದುಡ್ಡು ಕೊಟ್ಟು ತಗೊಳ್ಳೋನಿಗೆ ಅದು ಬೇಕು. ಹಾಗೇ ಸೌಂಡ್. ಹೋವರ್ಡ್ ಶೋರ್ ಸಂಗೀತ ಮೊದಲ ಟೈಟಲಿಂದಾನೇ ದೊಡ್ಡ ಆರ್ಕೆಸ್ಟ್ರಾ ಇಟ್ಕೊಂಡು ದುರಂತ ನಾಟಕದ ಥರ ಹೊಡೆಯುತ್ತೆ, ಇನ್ನೂ ಏನೂ ಆಗೇ ಇಲ್ಲ, ಪಾರ್ಟೀಲಿ ಇಬ್ರು ಮಾತಾಡ್ತಿದಾರೆ ಅಷ್ಟೇ. 2008ರಲ್ಲಿ ಶೋರ್ ಇದೇ ಕಥೆಯನ್ನ ಒಪೆರಾ ಮಾಡಿದ್ರು, ಪ್ಯಾರಿಸ್‌ನಲ್ಲಿ ಕ್ರೋನೆನ್‌ಬರ್ಗ್ ಅವ್ರೇ ನಿರ್ದೇಶಿಸಿದ್ರು. ಸಂಗೀತ ಕೇಳಿದೋರಿಗೆ ಆಶ್ಚರ್ಯ ಆಗಲ್ಲ.

ಹೊಗಳಿಕೆ ಮಾತ್ರ ಬರೀಬೇಡ. ನನಗೆ ಕೊನೆಯ ಕೆಲವೇ ನಿಮಿಷದ ಪೂರ್ತಿ ಪ್ರಾಣಿ ರೂಪ, ಚರ್ಮ ಕಳಚಿ ಬಿದ್ದ ಮೇಲಿಂದು, ಅದಕ್ಕೂ ಹಿಂದಿನ ಅರೆ ಮನುಷ್ಯನಷ್ಟು ಕಾಡಲ್ಲ. ಗೊಂಬೆ ಅಂತ ಗೊತ್ತಾಗುತ್ತೆ. ಆದ್ರೆ ಆ ಗೊಂಬೆ ಬಂದೂಕಿನ ತುದಿಯನ್ನ ತಾನೇ ಹಿಡಿದು ತನ್ನ ತಲೆಗಿಟ್ಕೊಂಡಾಗ ಮತ್ತೆ ಮನುಷ್ಯ ಆಗಿಬಿಡುತ್ತೆ, ಮಾತಿಲ್ಲದೆ. ಸ್ಟಾತಿಸ್ ಪಾತ್ರ ಮೊದಲರ್ಧದಲ್ಲಿ ತೀರಾ ಒಂದೇ ಬಣ್ಣ ಅನ್ಸುತ್ತೆ ನನಗೆ, ನಿನಗೆ ಹಾಗನ್ಸದೆ ಇರ್ಬಹುದು, ಅನ್ಸದಿದ್ರೆ ಯಾಕೆ ಅಂತ ಜಗಳ ಆಡು ನನ್ನ ಜೊತೆ.

ಇನ್ನೊಂದು ಸಣ್ಣ ವಿಷ್ಯ. ಮೆಲ್ ಬ್ರೂಕ್ಸ್ ಕಂಪನಿ ಮಾಡಿದ ಸಿನಿಮಾ ಇದು ಅನ್ನೋದನ್ನ ನೀನು ಮೊದಲ ಸಾಲಲ್ಲೇ ದೊಡ್ಡ ಸುದ್ದಿ ಥರ ಹಾಕಿದೀಯ. ಕಾಮಿಡಿಗೆ ಹೆಸರಾದೋರು, ಜನ ನಗೋಕೆ ಬಂದ್ಬಿಡ್ತಾರೆ ಅಂತ ತಮ್ಮ ಹೆಸರನ್ನ ಬೇಕಂತಲೇ ಪರದೆ ಮೇಲೆ ಹಾಕಿಸ್ಲಿಲ್ಲ ಅವ್ರು. ಅವ್ರೇ ಹಿಂದೆ ಸರಿದಿದ್ದನ್ನ ನೀನು ಮುಂದೆ ತಂದು ನಿಲ್ಲಿಸ್ಬೇಡ. ಬೇಕಿದ್ರೆ ಕೆಳಗೆ ಎಲ್ಲಾದ್ರೂ ಬರ್ಲಿ.

ಮೊದಲ ಸಾಲು ಆ ಸಕ್ಕರೆಯಿಂದ ಶುರು ಮಾಡಿ ನೋಡು ಅಂತ ನನ್ನ ಸಲಹೆ, ಅಥವಾ ಉಗುರಿಂದ. ಎಂಡಿಂಗ್ ಬಿಟ್ಟುಕೊಡ್ಬೇಡ, ಸಿನಿಮಾ ಹಳೇದಾದ್ರೂ ನೋಡದೇ ಇರೋ ಹುಡುಗ್ರು ಇದಾರೆ, ನಾನು ನಿನಗೆ ಬರೀತಿರೋದ್ರಿಂದ ಎಲ್ಲಾ ಹೇಳ್ದೆ. ತಿದ್ದಿದ ಪ್ರತಿ ಕಳ್ಸು, ಉದ್ದ ಆದ್ರೂ ಪರವಾಗಿಲ್ಲ, ಮಾರ್ಕ್ಸ್ ಕೊಡೋ ಆ ಸ್ಟಾರ್‌ಗಳನ್ನ ಮಾತ್ರ ತೆಗೆದುಬಿಡು. ಕ್ರೋನೆನ್‌ಬರ್ಗ್ ಅವರ 1988ರ ಅವಳಿ ಡಾಕ್ಟರ್‌ಗಳ ಸಿನಿಮಾ ಡಿಸ್ಕ್ ನನ್ನ ಹತ್ರ ಇದೆ, ಈ ಕಡೆ ಬಂದಾಗ ತಗೊಂಡು ಹೋಗು.

ಇಂತಿ,
ನಿನ್ನ ಅಕ್ಕ